ಗಾಜಿಗೆ ಅಂಟಿದ ಮುಖ

ಹೋದ ತಿಂಗಳು ಮಾಲೂರಿನ ನನ್ನ ಅಂಗಡಿಗೆ ಲಕ್ಕೂರಿನ ಕಡೆಯವರೊಬ್ಬರು ಹಳೆಯ ಫೋಟೋ ಫ್ರೇಮೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಅವರ ತಂದೆಯದು. ಟವೆಲು ಬಿಚ್ಚಿದ ಕೂಡಲೇ ಆ ವಾಸನೆ ಬಂತು. ತೇವ ಹಿಡಿದ ರಟ್ಟು, ಅರಿಶಿನ, ಕುಂಕುಮ, ಊದುಬತ್ತಿಯ ಬೂದಿ ಎಲ್ಲ ಸೇರಿದ ಮುಗ್ಗಲು ವಾಸನೆ. ನಮ್ಮ ಕಸುಬಿನವರಿಗೆ ಅದು ದಿನಾ ಇದ್ದದ್ದೇ. ನನಗೆ ಮಾತ್ರ ಅದು ಇನ್ನೂ ರೂಢಿಯಾಗಿಲ್ಲ.

ಅವರು ಫ್ರೇಮನ್ನು ಕೌಂಟರಿನ ಮೇಲೆ ಬೋರಲು ಹಾಕಿ, ಬೈಕಿನ ಕೀಲಿಯಿಂದ ಹಿಂದಿನ ಮೊಳೆಗಳನ್ನು ಎಬ್ಬಿಸತೊಡಗಿದರು. "ಗಾಜಿಗೆ ಅಂಟ್ಕೊಂಡ್ಬಿಟ್ಟೈತೆ ಮೇಡಂ. ನಾನೇ ಬಿಡಿಸ್ಕೊಡ್ತೀನಿ, ನೀವು ಆ ಎಐನಲ್ಲಿ ಹಾಕಿ ಐದು ನಿಮಿಷದಲ್ಲಿ ಹೊಸದು ಮಾಡ್ಕೊಡಿ" ಎಂದರು. ರಟ್ಟು ತೆಗೆದು, ಫೋಟೋದ ಅಂಚಿಗೆ ಉಗುರು ಹಾಕಿ ಎಳೆಯಲು ಹೋದರು.

ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಬೇಕರಿಯವರು ಎದ್ದು ಬಂದು ನೋಡಿದರು. ಲಕ್ಕೂರಿನವರ ಕೈಯಿಂದ ಫ್ರೇಮನ್ನು ಕಿತ್ತುಕೊಂಡೇಬಿಟ್ಟೆ. ಗಿರಾಕಿಯ ಜೊತೆ ಹಾಗೆಲ್ಲ ನಡೆದುಕೊಳ್ಳಬಾರದು, ಗೊತ್ತು. "ಒಂದು ಫೋಟೋಗೆ ಇಷ್ಟೊಂದು ಕೋಪ ಏನಕ್ಕಮ್ಮ?" ಎಂದು ಅವರು ಮುಖ ಗಂಟಿಕ್ಕಿಕೊಂಡರು. ಒಂದು ಫೋಟೋ... ಅವರಿಗೆ ಏನೆಂದು ಹೇಳಲಿ. ವಾರ ಬಿಟ್ಟು ಬನ್ನಿ ಎಂದು ಕಳಿಸಿ, ಒಳಗೆ ಹೋಗಿ ಮುಖ ತೊಳೆದುಕೊಂಡೆ. ಆವತ್ತು ಮತ್ತೆ ಕೆಲಸಕ್ಕೆ ಕೈ ಹೋಗಲಿಲ್ಲ. ಸರ್ ನೆನಪಾದರು.

ನನಗೆ ಈ ಕೆಲಸ ಕಲಿಸಿದವರು ಕೋಲಾರದ ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಗಲ್ಲಿಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದರು. ನಮಗೆಲ್ಲ ಅವರು 'ಸ್ಟುಡಿಯೋ ಸರ್'. ಕಪ್ಪಗೆ, ಗಿಡ್ಡಗೆ ಇದ್ದರು. ಕೆನ್ನೆಯ ತುಂಬ ಸಿಡುಬಿನ ಕಲೆ. ಮೂವತ್ತು ವರ್ಷ ಒಂದು ಕಣ್ಣು ಮುಚ್ಚಿ ಕ್ಯಾಮೆರಾದೊಳಗೆ ನೋಡಿ ನೋಡಿ ಆ ಕಣ್ಣು ಇನ್ನೊಂದಕ್ಕಿಂತ ಚಿಕ್ಕದಾಗಿಹೋಗಿತ್ತು. ಬಾಯಿ ಮಾತ್ರ ಬಹಳ ಕೆಟ್ಟದ್ದು. ಸುಗಟೂರಿನಿಂದ ದಿನಾ ಬಸ್ಸು ಹತ್ತಿ ಹೋಗುತ್ತಿದ್ದ ನಾನು ಹದಿನೆಂಟರ ಹುಡುಗಿ. ಪಿಯುಸಿಯಲ್ಲಿ ಒಂದು ವಿಷಯ ಉಳಿಸಿಕೊಂಡು ಮನೆಯಲ್ಲಿ ಕೂತಿದ್ದೆ. ಸುಮ್ಮನೆ ಕೂರುವ ಬದಲು ಕಂಪ್ಯೂಟರ್ ಕಲಿಯಲಿ ಎಂದು ಅಪ್ಪ ತಂದು ಬಿಟ್ಟಿದ್ದ. ಫಿಲ್ಮ್ ರೀಲು ಹೋಗಿ ಡಿಜಿಟಲ್ ಬಂದ ಹೊಸತು. ಅವರು ಐವತ್ತು ದಾಟಿದ ಮೇಲೆ ಮೌಸ್ ಹಿಡಿಯಲು ಕಲಿತವರು. ಅದಕ್ಕೆ ಮುಂಚೆ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್‌ನಿಂದ ಚುಕ್ಕೆ ಇಟ್ಟು ಇಟ್ಟು ಮುಖ ತಿದ್ದುತ್ತಿದ್ದ ಕೈ ಅದು.

ಹದಿನೈದು ದಿನ ನನಗೆ ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರಿಸಿ ಬಂದುಹೋಗುವವರ ಮುಖ ನೋಡು ಎನ್ನುತ್ತಿದ್ದರು. ಸಂಜೆ ಪ್ರಶ್ನೆ. "ಬೆಳಿಗ್ಗೆ ಬಂದ್ರಲ್ಲ ಹಸಿರು ಸೀರೆ, ಅವರ ಮೂಗಿನ ನೆರಳು ಯಾವ ಕಡೆ ಬಿದ್ದಿತ್ತು?" ನನಗೇನು ಗೊತ್ತು. "ಹಂಗಾದ್ರೆ ಏನ್ ನೋಡ್ದೆ? ಸೀರೆ ಬಾರ್ಡರ್ ನೋಡ್ದಾ?" ಎಂದು ಬೈಯುತ್ತಿದ್ದರು. ಮನೆಗೆ ಹೋಗಿ ಅಮ್ಮನ ಮುಂದೆ ಅಳುತ್ತಿದ್ದೆ. ಕಂಪ್ಯೂಟರ್ ಕಲಿಯಲು ಹೋದವಳಿಗೆ ಈ ಮನುಷ್ಯ ಮೂಗು ಎಣಿಸಲು ಹೇಳುತ್ತಾನಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ಆದರೆ ಅವರು ಫೋಟೋ ತೆಗೆಯುವುದನ್ನು ನೋಡಬೇಕಿತ್ತು. ನಗಿ ಎಂದು ಯಾರಿಗೂ ಹೇಳುತ್ತಿರಲಿಲ್ಲ. ರೈತರೊಬ್ಬರು ಬಂದು ಕುರ್ಚಿಯಲ್ಲಿ ಗರುಡಗಂಬದ ಹಾಗೆ ಬಿಗಿದು ಕೂತರೆ, ಇವರು ಕ್ಯಾಮೆರಾ ಸರಿಮಾಡುವವರ ಹಾಗೆ ಬಗ್ಗಿಕೊಂಡು, "ಇವತ್ತು ಮಂಡೀಲಿ ಟೊಮೆಟೊ ಹೆಂಗಂತೆ?" ಎಂದು ಕೇಳುತ್ತಿದ್ದರು. ಆ ಮನುಷ್ಯನಿಗೆ ರೇಗುತ್ತಿತ್ತು, ಇಲ್ಲವೇ ಹೊಟ್ಟೆ ತುಂಬ ನಗು ಬರುತ್ತಿತ್ತು. ಮುಖಕ್ಕೆ ಜೀವ ಬಂದ ಆ ಕ್ಷಣಕ್ಕೆ ಕ್ಲಿಕ್. ಹೆಂಗಸರಾದರೆ ಹಸು ಕರು ಹಾಕ್ತಾ, ರೇಷ್ಮೆ ಗೂಡು ಚೆನ್ನಾಗಿ ಬಂತಾ ಎಂದು ಕೇಳುತ್ತಿದ್ದರು. ಒಂದು ಪಾಸ್‌ಪೋರ್ಟ್ ಸೈಜ್ ಫೋಟೋಗೆ ಇಷ್ಟೆಲ್ಲ. ಈಗ ಎಲ್ಲರ ಕೈಯಲ್ಲೂ ಮೊಬೈಲು. ಫೋಟೋಗ್ರಾಫರ್ ಯಾಕೆ ಬೇಕು, ನಮ್ಮ ಹುಡುಗನೇ ತೆಗೆಯುತ್ತಾನೆ ಎನ್ನುತ್ತಾರೆ. ತೆಗೆಯಲಿ ಬಿಡಿ. ಮನೆಯಲ್ಲಿ ಕತ್ತರಿ ಇದೆ ಎಂದ ಮಾತ್ರಕ್ಕೆ ರವಿಕೆ ಹೊಲಿಯಲು ಬಂದುಬಿಡುತ್ತದೆಯೇ? ಸಾವಿರ ಫೋಟೋ ತೆಗೆದಿರುತ್ತಾರೆ. ಮನೆಯಲ್ಲಿ ಯಾರಾದರೂ ಹೋದ ದಿನ ಅದರಲ್ಲಿ ಗೋಡೆಗೆ ಹಾಕುವಂಥದ್ದು ಒಂದೂ ಇರುವುದಿಲ್ಲ. ಆಗ ಓಡಿ ಬರುತ್ತಾರೆ ನಮ್ಮ ಹತ್ತಿರ.

ಅವರ ಸ್ಟುಡಿಯೋಗೂ ಹಾಗೇ ಬರುತ್ತಿದ್ದರು. ಹನ್ನೊಂದನೇ ದಿನದ ಕಾರ್ಯಕ್ಕೆ ಫೋಟೋ ಬೇಕು, ಮದುವೆಯ ಗುಂಪಿನಲ್ಲಿ ಹಿಂದೆ ನಿಂತಿದ್ದಾರೆ ನೋಡಿ, ಆ ಮುಖ ತೆಗೆದುಕೊಡಿ ಎನ್ನುತ್ತಿದ್ದರು. ಜೊತೆಗೆ ಮಾಮೂಲಿ ಮಾತೊಂದು. ಸ್ವಲ್ಪ ಬೆಳ್ಳಗೆ ಮಾಡಿ. ಅದನ್ನು ಕೇಳಿದರೆ ಸರ್‌ಗೆ ಎಲ್ಲಿಲ್ಲದ ಸಿಟ್ಟು. "ನಿಮ್ಮಪ್ಪ ಬೆಳ್ಳಗಿದ್ರೇನ್ರೀ? ಬೇರೆಯವರಪ್ಪ ಬೇಕಾದ್ರೆ ಬೇರೆ ಅಂಗಡಿಗೆ ಹೋಗಿ" ಎಂದುಬಿಡುತ್ತಿದ್ದರು. ಹೋಗುತ್ತಿದ್ದರು ಕೂಡ. ಒಮ್ಮೆ ನಾನೇ ಮುಳಬಾಗಿಲಿನ ಮದುವೆಯೊಂದರ ಆಲ್ಬಂನಲ್ಲಿ ಹೆಣ್ಣಿನ ಮುಖವನ್ನು ಹಾಲಿನ ಹಾಗೆ ಮಾಡಿ ತೋರಿಸಿದ್ದೆ. ಅವರು ಬಹಳ ಹೊತ್ತು ನೋಡಿ, "ಈ ಹುಡುಗಿ ಮುಖ ಏನು ಹೊಲಸಾಗಿತ್ತಾ, ನೀನು ತೊಳೆಯೋಕೆ?" ಎಂದರು. ಇಪ್ಪತ್ತು ಹಾಳೆಯ ಆಲ್ಬಂ ಪೂರ್ತಿ ಮತ್ತೆ ಮಾಡಿಸಿದರು.

ಹೀಗೆ ಎರಡು ವರ್ಷವಾಯಿತು. ನಾನು ಚೆನ್ನಾಗಿಯೇ ಕಲಿತೆ. ಸುಳ್ಳು ವಿನಯ ಬೇಡ, ಅವರಿಗಿಂತ ಮೌಸ್ ಬೇಗ ಓಡಿಸುತ್ತಿದ್ದೆ. ಊರಿನಲ್ಲಿ ನನ್ನ ಬಗ್ಗೆ ಮಾತೂ ಆಡುತ್ತಿದ್ದರು, ನಾನೂ ಕೊಂಚ ಮೆರೆಯುತ್ತಿದ್ದೆ. ಆ ಮೆರೆದಾಟವೇ ಕೊನೆಗೆ ಮಣ್ಣು ತಿನ್ನಿಸಿತು.

ಸುಗಟೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ದೊಡ್ಡಮ್ಮ ಇದ್ದಾಳೆ. ರಕ್ತಸಂಬಂಧವಲ್ಲ, ಬಾಯಿಮಾತಿನ ದೊಡ್ಡಮ್ಮ. ರೇಷ್ಮೆ ಸಾಕುತ್ತಿದ್ದಳು. ಅವಳ ಒಬ್ಬಳೇ ಮಗಳು ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಹದಿನಾಲ್ಕನೇ ವಯಸ್ಸಿಗೆ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋಗಿಬಿಟ್ಟಳು. ಅವಳದು ಇದ್ದದ್ದು ಒಂದೇ ಫೋಟೋ. ಯಾರದೋ ಗೃಹಪ್ರವೇಶದಲ್ಲಿ ನೆಂಟರೊಬ್ಬರು ತೆಗೆದದ್ದು. ರೀಲು ಏನಾಯಿತೋ ಯಾರಿಗೂ ಗೊತ್ತಿಲ್ಲ. ಹಿಪ್ಪುನೇರಳೆ ಕಡ್ಡಿ ಕೊಯ್ಯುವಾಗ ಕುಡುಗೋಲು ತಾಗಿ ಹುಬ್ಬಿನ ಮೇಲೆ ಆಗಿದ್ದ ಗಾಯದ ಗೆರೆ, ಸೊಟ್ಟ ಹಲ್ಲು, ಬಾಯಿ ತುಂಬ ನಗು, ಎಲ್ಲ ಅದರಲ್ಲಿತ್ತು.

ನಮ್ಮ ಕಡೆ ಹೋದವರ ಫೋಟೋವನ್ನು ಗೋಡೆಗೆ ನೇತುಹಾಕಿ ಸುಮ್ಮನೆ ಬಿಡುವುದಿಲ್ಲ. ಶುಕ್ರವಾರ, ಅಮಾವಾಸ್ಯೆ, ಹಬ್ಬ ಬಂದರೆ ಕೆಳಗಿಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಹಣೆಯ ಜಾಗಕ್ಕೆ ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸುತ್ತಾರೆ. ಆ ನೀರು ಗಾಜಿನ ಅಂಚಿನಿಂದ ಒಳಗೆ ಇಳಿಯುತ್ತದೆ. ವರ್ಷಗಟ್ಟಲೆ ಇಳಿದರೆ ಫೋಟೋದ ಮುಖ ಗಾಜಿಗೆ ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಯಾರ ಮೇಲೆ ಪ್ರೀತಿ ಜಾಸ್ತಿಯೋ ಅವರ ಫೋಟೋ ಬೇಗ ಹಾಳಾಗುತ್ತದೆ. ದೊಡ್ಡಮ್ಮ ವಾರಕ್ಕೊಮ್ಮೆ ಅಲ್ಲ, ದಿನಾ ಒರೆಸುತ್ತಿದ್ದಳು. ಆರೇಳು ವರ್ಷಕ್ಕೆ ಆ ಹುಡುಗಿಯ ಕುತ್ತಿಗೆಯ ಕೆಳಗೆಲ್ಲ ಕಪ್ಪು ಬಿದ್ದಿತ್ತು. ನಾನೇ ಮೇಲೆ ಬಿದ್ದು ಹೇಳಿದೆ, ಕೊಡು ದೊಡ್ಡಮ್ಮ, ನಮ್ಮ ಸ್ಟುಡಿಯೋದಲ್ಲಿ ಹೊಸದರ ಹಾಗೆ ಮಾಡಿಕೊಡುತ್ತೀನಿ ಎಂದು. ಅವಳು ಕೊಡಲು ಎರಡು ದಿನ ಯೋಚನೆ ಮಾಡಿದಳು. "ಜೋಪಾನ ಕಣೇ. ನನ್ನತ್ರ ಇರೋದು ಇದೊಂದೇ" ಎಂದು ಮೂರು ಸಲ ಹೇಳಿ, ಹೊಸ ಟವೆಲಿನಲ್ಲಿ ಸುತ್ತಿಕೊಟ್ಟಳು.

ಸರ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದನ್ನ ಬಿಚ್ಚಬೇಡ. ಗಾಜಿನ ಸಮೇತ ಇಟ್ಟು ನಾನೇ ಕ್ಯಾಮೆರಾದಲ್ಲಿ ತೆಗೀತೀನಿ, ಲೈಟು ಬೇರೆ ತರ ಕೊಡಬೇಕು. ಮುಳಬಾಗಿಲಿಂದ ಬರೋವರೆಗೂ ಮುಟ್ಟಬೇಡ" ಎಂದು ಹೇಳಿ ಎರಡು ದಿನದ ಮದುವೆಯ ಕೆಲಸಕ್ಕೆ ಹೋದರು. ಹೇಳಿದ್ದು ಕಿವಿಗೆ ಬಿದ್ದಿತ್ತು. ಕೇಳಲಿಲ್ಲ. ಗಾಜಿನ ಮೇಲಿಂದ ತೆಗೆದರೆ ಮಸುಕಾಗಿ ಬರುತ್ತದೆ, ಬಿಡಿಸಿ ಸ್ಕ್ಯಾನ್ ಮಾಡಿದರೆ ಕೂದಲೆಳೆ ಕೂಡ ಬರುತ್ತದೆ, ಅವರು ಬರುವುದರೊಳಗೆ ಮುಗಿಸಿ ತೋರಿಸೋಣ ಎಂದು ನನ್ನ ಬುದ್ಧಿ. ಹಳೆಯ ಕಾಲದವರು, ಹೆದರುತ್ತಾರೆ ಎಂದುಕೊಂಡೆ. ಅಂಚು ಸಲೀಸಾಗಿ ಬಂತು. ಆಮೇಲೆ ಸ್ವಲ್ಪ ಬಿಗಿಯಿತು. ಎಳೆದೆ.

ಚರ್ ಎಂದು ಒಂದು ಸದ್ದು. ಕಾಗದ ನನ್ನ ಕೈಗೆ ಬಂತು, ಮುಖ ಗಾಜಿನ ಮೇಲೆ ಉಳಿಯಿತು. ಗಾಯದ ಗೆರೆ ಒಂದು ಕಡೆ, ನಗು ಒಂದು ಕಡೆ, ಎಡಗಣ್ಣು ಇದ್ದ ಜಾಗ ಪುಡಿಪುಡಿ. ಆ ಕ್ಷಣ ನಾನು ಏನು ಮಾಡಿದೆ ಗೊತ್ತೇ? ನನ್ನ ಎಡಗೈ ತಾನಾಗಿಯೇ ಕೀಬೋರ್ಡಿಗೆ ಹೋಗಿ ಅನ್‌ಡೂ ಗುಂಡಿ ಒತ್ತಿತು. ಎರಡು ವರ್ಷ ದಿನಾ ಅದೇ ಅಭ್ಯಾಸ. ತಪ್ಪಾದರೆ ಒತ್ತು, ಹಿಂದಕ್ಕೆ ಹೋಗುತ್ತದೆ. ಮೂಲದ ಮೇಲೆ ಕೈ ಹಾಕಬಾರದು, ನಕಲು ಮಾಡಿಕೊಂಡು ಅದರ ಮೇಲೆ ಕೆಲಸ ಮಾಡು ಎಂದು ಸರ್ ಸಾವಿರ ಸಲ ಹೇಳಿದ್ದರು. ಅದು ಕಂಪ್ಯೂಟರಿನ ಪಾಠ ಎಂದುಕೊಂಡಿದ್ದೆ ನಾನು. ಆ ಕೈಯನ್ನು ಈಗಲೂ ಕಚ್ಚಿಬಿಡಬೇಕು ಎನ್ನಿಸುತ್ತದೆ.

ಅವರು ಬಂದಾಗ ನಾನು ಮೂಲೆಯಲ್ಲಿ ಕೂತಿದ್ದೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಚಿಕ್ಕದಕ್ಕೆಲ್ಲ ಗಲ್ಲಿ ಹಾರಿಹೋಗುವಂತೆ ಕೂಗುತ್ತಿದ್ದ ಮನುಷ್ಯ ಅವತ್ತು ಕೂಗಲಿಲ್ಲ. "ಚೂರುಗಳನ್ನ ಎಸೆದಿಲ್ಲ ತಾನೆ?" ಎಂದು ಮಾತ್ರ ಕೇಳಿದರು. ಆಮೇಲೆ ಫ್ಯಾನ್ ಆರಿಸಿ, ಬಾಗಿಲು ಹಾಕಿ, ಗಾಜಿನ ಮೇಲೆ ಉಳಿದದ್ದನ್ನು ಬೇರೆ, ಕಾಗದದ ಮೇಲೆ ಉಳಿದದ್ದನ್ನು ಬೇರೆ ಕ್ಯಾಮೆರಾದಲ್ಲಿ ತೆಗೆದು, ಒಂಬತ್ತು ದಿನ ಕಂಪ್ಯೂಟರಿನ ಮುಂದೆ ಕೂತು ಸೇರಿಸಿದರು. ಬೇರೆ ಕೆಲಸವನ್ನೆಲ್ಲ ವಾಪಸ್ ಕಳಿಸಿದರು. ಎಡಗಣ್ಣು ಮಾತ್ರ ಸಿಗಲಿಲ್ಲ. ಬಲಗಣ್ಣನ್ನೇ ನಕಲು ಮಾಡಿ ತಿರುಗಿಸಿ ಕೂರಿಸೋಣ, ಎಲ್ಲರೂ ಹಾಗೇ ಮಾಡುತ್ತಾರೆ, ಗೊತ್ತಾಗುವುದಿಲ್ಲ ಎಂದೆ ನಾನು. "ಯಾರ ಎರಡು ಕಣ್ಣೂ ಒಂದೇ ತರ ಇರಲ್ಲ. ಹೆತ್ತವಳಿಗೆ ಗೊತ್ತಾಗದೆ ಇರುತ್ತಾ?" ಎಂದರು. ಒಂದು ಬೆಳಿಗ್ಗೆ ಸುಗಟೂರಿನ ಬಸ್ಸು ಹತ್ತಿ ಹೋಗಿ, ಯಾವುದೋ ನೆಪದಲ್ಲಿ ದೊಡ್ಡಮ್ಮನ ಹತ್ತಿರ ಎರಡು ಮಾತಾಡಿ, ಅವಳ ಕಣ್ಣು ನೋಡಿಕೊಂಡು ಬಂದರು. ಮಗಳು ತಾಯಿಯ ಹಾಗೆ ಇದ್ದಿರಬಹುದು ಎಂದು. ಆ ಕಣ್ಣನ್ನು ಅವರೇ ಬರೆದರು.

ಫೋಟೋ ಚೆನ್ನಾಗಿತ್ತು. ನಾನು ಸುಮ್ಮನಿದ್ದಿದ್ದರೆ, ಅವರು ಸುಮ್ಮನಿದ್ದಿದ್ದರೆ, ಕೊಟ್ಟು ಕಳಿಸಿಬಿಡಬಹುದಿತ್ತೋ ಏನೋ. ದೊಡ್ಡಮ್ಮ ಬಂದಳು. ಸರ್ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಫೋಟೋ ಕೈಗೆ ಕೊಡುವುದಕ್ಕೆ ಮುಂಚೆಯೇ ಹೇಳಿದರು. "ಬಿಡಿಸೋವಾಗ ನನ್ನ ಕೈಯಲ್ಲಿ ಹರಿದುಹೋಯ್ತು ಕಣಮ್ಮ. ತಪ್ಪಾಯ್ತು. ಸೇರಿಸಿದ್ದೀನಿ. ಈ ಎಡಗಣ್ಣು ಮಾತ್ರ ನಾನು ಬರೆದಿದ್ದು, ನಿಮ್ಮ ಮಗಳದಲ್ಲ."

ನನ್ನ ಕೈಯಲ್ಲಿ ಎಂದರು. ನಾನು ಅಲ್ಲೇ, ಕೌಂಟರಿನ ಹಿಂದೆ, ಎರಡು ಅಡಿ ದೂರದಲ್ಲಿ ನಿಂತಿದ್ದೆ.

ದೊಡ್ಡಮ್ಮ ಫೋಟೋ ನೋಡಿದಳು. ಆಮೇಲೆ ಅವರ ಮುಖ ನೋಡಿದಳು. ಸಿಟ್ಟು ಬಂದರೆ ಅವಳ ಬಾಯಿಗೆ ತೆಲುಗು ಬರುತ್ತದೆ. "ನೀ ಚೇತುಲು ಪಡಿಪೋನು" ಎಂದಳು. ನಿನ್ನ ಕೈ ಬಿದ್ದುಹೋಗಲಿ ಎಂದು. ನನ್ನ ಮಗಳನ್ನು ಎರಡನೇ ಸಲ ಸಾಯಿಸಿದೆಯಲ್ಲೋ ಎಂದು ಗಲ್ಲಿಯಲ್ಲಿ ನಿಂತು ಬೋರಾಡಿದಳು. ಜನ ಸೇರಿದರು. ಸರ್ ಬಾಗಿಲಲ್ಲಿ ತಲೆ ತಗ್ಗಿಸದೆ, ಅವಳನ್ನೇ ನೋಡುತ್ತ, ಎಲ್ಲ ಕೇಳಿಸಿಕೊಂಡರು. ನಾನು ಒಂದು ಮಾತು ಆಡಲಿಲ್ಲ. ನಾಲಿಗೆ ಬಿದ್ದುಹೋಗಿತ್ತೇ ನನ್ನದು? ಇಲ್ಲ. ಹೆದರಿಕೆ. ಅಷ್ಟೇ. ಅದಕ್ಕೆ ಬೇರೆ ಹೆಸರಿಲ್ಲ.

ಅವಳು ಹೋದಮೇಲೆ ಕೇಳಿದೆ, ಯಾಕೆ ಸರ್ ಹೀಗೆ ಹೇಳಿದಿರಿ ಎಂದು. "ಬೋರ್ಡು ನಂದು. ಅದರ ಕೆಳಗೆ ಏನಾದ್ರೂ ನಾನೇ ಮಾಡಿದ್ದು. ನೀನು ಅದೇ ಊರಲ್ಲಿ ಬದುಕಬೇಕಾದೋಳು. ಬಾಯಿ ಮುಚ್ಕೊಂಡು ಕೆಲಸ ನೋಡು" ಎಂದರು. ಇದಕ್ಕೇ ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟು. ದೊಡ್ಡವರಾಗಿಬಿಟ್ಟರು ಅವರು, ನನ್ನನ್ನು ಹೊತ್ತುಕೊಂಡು. ನನ್ನ ತಪ್ಪನ್ನು ನನಗೆ ಬಿಟ್ಟುಕೊಟ್ಟಿದ್ದರೆ ಒಂದು ದಿನ ಬೈಸಿಕೊಂಡು, ಒಂದು ವರ್ಷ ತಲೆತಗ್ಗಿಸಿ ಮುಗಿಸುತ್ತಿದ್ದೆ. ಅವರು ಕಿತ್ತುಕೊಂಡರು. ನಾನು ಕೊಟ್ಟೆ. ಖುಷಿಯಾಗಿಯೇ ಕೊಟ್ಟೆ ಎನ್ನುವುದು ಇನ್ನೂ ಹೊಲಸು.

ದೊಡ್ಡಮ್ಮ ಸುಮ್ಮನೆ ಕೂರುವವಳಲ್ಲ. ಬೆಳಿಗ್ಗೆ ಹಾಲಿನ ಡೈರಿಯಲ್ಲಿ, ಬಸ್ಸಿನಲ್ಲಿ, ಗೂಡಿನ ಮಾರುಕಟ್ಟೆಯಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಆ ಸ್ಟುಡಿಯೋಗೆ ಹೋಗಬೇಡಿ ಎಂದು ಹೇಳಿದಳು. ನಮ್ಮ ಕಡೆಯ ಹತ್ತಿಪ್ಪತ್ತು ಹಳ್ಳಿಯ ಮದುವೆಗಳು ಅವರ ಕೈ ಬಿಟ್ಟವು. ಡೈರಿಯಲ್ಲಿ ಅವಳ ಹಿಂದೆಯೇ ಕ್ಯಾನ್ ಹಿಡಿದು ನಿಂತು ನಾನು ಅದನ್ನೆಲ್ಲ ಕೇಳುತ್ತಿದ್ದೆ. "ಪಾಪ, ಈ ಹುಡುಗಿ ಒಳ್ಳೆ ಮನಸ್ಸಿಂದ ಕೊಡ್ಸಿದ್ಲು, ಆ ಹಾಳಾದೋನು ಹರಿದಾಕ್ದ" ಎಂದು ನನ್ನ ತಲೆ ಸವರುತ್ತಿದ್ದಳು. ನಾನು ಸವರಿಸಿಕೊಳ್ಳುತ್ತಿದ್ದೆ.

ಇನ್ನೆರಡು ವರ್ಷ ಅಲ್ಲಿದ್ದೆ. ಆಮೇಲೆ ಮದುವೆಯಾಗಿ ಮಾಲೂರಿಗೆ ಬಂದೆ, ಇಲ್ಲಿ ಅಂಗಡಿ ಇಟ್ಟೆ, ಅವರು ಕಲಿಸಿದ್ದರಲ್ಲೇ ಅನ್ನ ತಿನ್ನುತ್ತಿದ್ದೇನೆ. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಬಿಪಿ ಇತ್ತು, ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ದಿನ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು ಎಂದು ಸುದ್ದಿ ಬಂತು. ಆ ವರ್ಷ ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಮ್ಮ ನನ್ನನ್ನು ಕೂರಿಸಿಕೊಂಡು, "ನೋಡ್ದಾ, ಹೆತ್ತ ಹೊಟ್ಟೆ ಶಾಪ ತಟ್ಟದೆ ಬಿಡಲ್ಲ" ಎಂದಳು. ಅವಳ ಕಣ್ಣಲ್ಲಿ ಒಂದು ಸಮಾಧಾನ ಇತ್ತು. ಆಗಲೂ ಹೇಳಲಿಲ್ಲ. ಸರ್‌ನ ನೋಡಲು ಒಂದೇ ಒಂದು ಸಲ ಹೋದೆ. ಎಡಗೈಯಲ್ಲಿ ಮೌಸ್ ಹಿಡಿಯಲು ಒದ್ದಾಡುತ್ತಿದ್ದರು. "ಕಲೀತಾ ಇದೀನಿ ಕಣೇ" ಎಂದರು. ನಾನು ಐದು ನಿಮಿಷವೂ ಕೂರದೆ ಎದ್ದು ಬಂದೆ. ಎರಡು ವರ್ಷದ ಕೆಳಗೆ ಅವರು ಹೋದರು. ಮೂರನೇ ದಿನ ನಮ್ಮ ಫೋಟೋಗ್ರಾಫರುಗಳ ವಾಟ್ಸಾಪ್ ಗುಂಪಿನಲ್ಲಿ ನನಗೆ ಗೊತ್ತಾಯಿತು. ಕೈ ಮುಗಿದ ಗುರುತು ಒಂದನ್ನು ಹಾಕಿ ಮೊಬೈಲು ಕೆಳಗಿಟ್ಟೆ. ಸಾವಿಗೂ ಹೋಗಲಿಲ್ಲ.

ಲಕ್ಕೂರಿನವರ ಫ್ರೇಮನ್ನು ಗಾಜಿನ ಸಮೇತ ಕ್ಯಾಮೆರಾದಲ್ಲಿ ತೆಗೆದು, ವಾರದಲ್ಲಿ ಮಾಡಿಕೊಟ್ಟೆ. ಅವರು ತಂದೆಯನ್ನು ನೋಡಿ ಅತ್ತರು. ಅವರು ಅತ್ತಿದ್ದನ್ನು ನೋಡಿದ ಮೇಲೆ ನನಗೆ ಇನ್ನು ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. ಮಾರನೇ ದಿನ ಅಂಗಡಿ ಮುಚ್ಚಿ ಸುಗಟೂರಿಗೆ ಹೋದೆ. ದೊಡ್ಡಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಎದುರಿಗೆ ಕೂತು ಹೇಳಿದೆ. ಹರಿದದ್ದು ನಾನು ದೊಡ್ಡಮ್ಮ. ಅವರು ಊರಲ್ಲೇ ಇರಲಿಲ್ಲ. ಮುಟ್ಟಬೇಡ ಎಂದು ಹೇಳಿ ಹೋಗಿದ್ದರು.

ಅವಳ ಕೈ ನಿಂತಿತು. ಮಗಳ ಫೋಟೋದ ಸುದ್ದಿ ಎತ್ತುತ್ತಾಳೆ ಎಂದುಕೊಂಡೆ. ಎತ್ತಲಿಲ್ಲ. "ಇಷ್ಟು ವರ್ಷ ನನ್ನ ಬಾಯಲ್ಲಿ ಆ ಮನುಷ್ಯನ್ನ ಬೈಸಿದೆಯಲ್ಲೇ" ಎಂದಳು. "ಕೈ ಬಿದ್ದೋಗ್ಲಿ ಅಂದೆ. ಬಿದ್ದೋದಾಗ ಊರೆಲ್ಲ ಹೇಳ್ಕೊಂಡು ಬಂದೆ. ನನ್ನನ್ನ ಏನ್ ಮಾಡಿಬಿಟ್ಟೆ ನೀನು?" ಮೊರದಲ್ಲಿದ್ದ ಕಾಳನ್ನೆಲ್ಲ ನನ್ನ ಮುಖಕ್ಕೆ ಎರಚಿದಳು. ನಾನು ಒರೆಸಿಕೊಳ್ಳಲಿಲ್ಲ. ಬಹಳ ಹೊತ್ತಾದ ಮೇಲೆ ಎದ್ದು ಸೀರೆ ಬದಲಾಯಿಸಿಕೊಂಡು ಬಂದು, "ನಡಿ, ಅವರ ಮನೆ ತೋರ್ಸು" ಎಂದಳು.

ಸರ್ ಹೆಂಡತಿ ಬಾಗಿಲು ತೆಗೆದರು. ಆಂಟಿಗೆ ನನ್ನ ಗುರುತು ಸಿಕ್ಕಿತು. ದೊಡ್ಡಮ್ಮ ಯಾರು ಎಂದು ಹೇಳಿದೆ, ನಾನು ಮಾಡಿದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. "ಅವರಿದ್ದಾಗ ಬರ್ಬೇಕಿತ್ತಮ್ಮ" ಎಂದು, ಒಳಗೆ ಬನ್ನಿ ಎಂದರು. ನಡುಮನೆಯ ಗೋಡೆಯ ಮೇಲೆ ದೊಡ್ಡ ಫೋಟೋ. ಗಂಧದ ಹಾರ. ದೊಡ್ಡಮ್ಮ ಅದರ ಮುಂದೆ ಹೋಗಿ ನಿಂತು ಮುಗಿಯಲು ಕೈ ಎತ್ತಿದಳು. ಎತ್ತಿದವಳು ಹಾಗೇ ನಿಂತಳು.

"ಯಾರೇ ಇವರು?"

ನಾನೂ ಆಗ ಸರಿಯಾಗಿ ನೋಡಿದೆ. ಬೆಳ್ಳಗೆ, ನುಣ್ಣಗೆ, ಯಾವುದೋ ಸೋಪಿನ ಜಾಹೀರಾತಿನ ಮುಖ. ಕೋಟು, ಟೈ. ಎರಡೂ ಕಣ್ಣು ಒಂದೇ ಅಳತೆ. ಕೆನ್ನೆಯ ಮೇಲೆ ಒಂದು ಚುಕ್ಕೆಯಿಲ್ಲ. ಸಂಬಂಧಿಕರ ಪೈಕಿ ಯಾರೋ ಮೊಬೈಲಿನಲ್ಲಿ ಮಾಡಿಸಿದರಂತೆ. ಎಲ್ಲರೂ ಚೆನ್ನಾಗಿದೆ ಎಂದರು, ನಾನೂ ಸುಮ್ಮನಾದೆ ಎಂದರು ಆಂಟಿ. ನನಗೆ ಆ ಗಾಜನ್ನು ಒಡೆದುಹಾಕಬೇಕು ಎನ್ನಿಸಿತು. ಸಾವಿರಾರು ಜನರ ಮುಖವನ್ನು ಇದ್ದ ಹಾಗೇ ಉಳಿಸಿಕೊಟ್ಟವರಿಗೆ, ಅವರ ಮನೆಯ ಗೋಡೆಯ ಮೇಲೆಯೇ ಅವರ ಮುಖವಿಲ್ಲ. ಆ ಮೂರನೇ ದಿನ ನಾನು ಬಂದಿದ್ದರೆ ಈ ಫೋಟೋ ಇಲ್ಲಿಗೆ ಬರುತ್ತಿರಲಿಲ್ಲ. ಯಾರನ್ನು ಬೈಯಲಿ.

"ಅವರು ಕಪ್ಪಗಿದ್ರು. ಮುಖದ ತುಂಬ ಸಿಡುಬು" ಎಂದಳು ದೊಡ್ಡಮ್ಮ. "ಮುಖಕ್ಕೆ ಮುಖ ಕೊಟ್ಟು ಬೈದಿದೀನಿ. ಮರೀತೀನಾ? ಇವರಿಗೆ ಕೈ ಮುಗಿದ್ರೆ ಅವರಿಗೆ ಹೋಗಿ ಮುಟ್ಟುತ್ತಾ?" ಎತ್ತಿದ ಕೈ ಇಳಿಸಿಬಿಟ್ಟಳು.

ಆಂಟಿ ಮನೆಯೆಲ್ಲ ಹುಡುಕಿದರು. ಸಿಕ್ಕಿದ್ದು ಹಳೆಯ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಂಟಿಸಿದ್ದ, ಸೀಲು ಬಿದ್ದು ಅರ್ಧ ಮಾಸಿದ ಒಂದು ಚಿಕ್ಕ ಫೋಟೋ. ಕಿತ್ತುಕೊಡಲು ಬಂದರು. ಬೇಡ ಆಂಟಿ, ಪಾಸ್‌ಬುಕ್ಕೇ ಕೊಡಿ ಎಂದು ಇಸಿದುಕೊಂಡು ಬಂದೆ.

ಈಗ ಪ್ರತಿ ಭಾನುವಾರ ದೊಡ್ಡಮ್ಮ ಸುಗಟೂರಿನಿಂದ ಕೋಲಾರಕ್ಕೆ, ಅಲ್ಲಿಂದ ಮಾಲೂರಿಗೆ ಎರಡು ಬಸ್ಸು ಹತ್ತಿ ನನ್ನ ಅಂಗಡಿಗೆ ಬರುತ್ತಾಳೆ. ನನ್ನ ಜೊತೆ ಮಾತಿಲ್ಲ, ಕಾಫಿ ಕೊಟ್ಟರೆ ಕುಡಿಯುವುದಿಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪರದೆಯನ್ನೇ ನೋಡುತ್ತ ಕೂರುತ್ತಾಳೆ. ಪಾಸ್‌ಬುಕ್ಕಿನ ಫೋಟೋದಲ್ಲಿ ಸೀಲು ಬಿದ್ದ ಕಡೆ ಏನಿತ್ತು ಎಂದು ನನಗೆ ನೆನಪಾಗುವುದಿಲ್ಲ. ನಾಲ್ಕು ವರ್ಷ ಪಕ್ಕದಲ್ಲೇ ಕೂತಿದ್ದವಳಿಗೆ ನೆನಪಿಲ್ಲ. ಅವಳಿಗೆ ಇದೆ. ಇಲ್ಲೊಂದು ಕಲೆ, ಹುಬ್ಬು ಇನ್ನೂ ದಪ್ಪ, ತುಟಿ ಹಿಂಗಲ್ಲ ಎಂದು ಬೆರಳು ಇಟ್ಟು ತೋರಿಸುತ್ತಾಳೆ. ಬೆಳ್ಳಗೆ ಮಾಡಿ, ಬ್ರೈಟು ಮಾಡಿ ಎನ್ನುವವರನ್ನೇ ನೋಡಿದ್ದೇನೆ ನಾನು ಇಷ್ಟು ವರ್ಷ. ಇವಳೊಬ್ಬಳು, "ಇನ್ನೂ ಕಪ್ಪು ಮಾಡೇ, ಇನ್ನೂ ಕಪ್ಪಗಿದ್ರು" ಎನ್ನುತ್ತಾಳೆ.

ಮಾಡುತ್ತೇನೆ. ಮುಗಿಯಿತಾ ದೊಡ್ಡಮ್ಮ ಎಂದು ಕೇಳಿದರೆ ಬಹಳ ಹೊತ್ತು ನೋಡಿ, ಎರಡೂ ಕೈಯನ್ನು ಮುಗಿಯದೆ ಮಡಿಲಲ್ಲೇ ಇಟ್ಟುಕೊಂಡು, ಇಲ್ಲ ಎಂದು ತಲೆಯಾಡಿಸುತ್ತಾಳೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋಗುತ್ತಾಳೆ. ಎಷ್ಟು ತಿದ್ದಿದರೂ ಅದು ಅವರ ಮುಖವಾಗುವುದಿಲ್ಲ ಎಂದು ನನಗೆ ಗೊತ್ತು. ಅವಳಿಗೂ ಗೊತ್ತಿರಬೇಕು. ಆದರೂ ಮುಂದಿನ ಭಾನುವಾರ ಬರುತ್ತಾಳೆ, ನಾನೂ ಬಾಗಿಲು ತೆಗೆದಿರುತ್ತೇನೆ.